ಹೊಲದಲ್ಲಿ ಮೊಲದ ಮರಿ ಸಿಕ್ಕರೆ, ಹಾಲು ಕುಡಿಸುವ ಮೊದಲು

ಕಡಲೆ ಕೀಳುವ ದಿನಗಳಲ್ಲಿ, ಹೆಸರು ಬಿಡಿಸುವಾಗ, ಗೋವಿನಜೋಳ ಮುರಿಯುವಾಗ ನಮ್ಮ ಕಡೆ ಹೊಲಗಳಲ್ಲಿ ಮೊಲದ ಮರಿ ಸಿಗುವುದು ಹೊಸದೇನಲ್ಲ. ಅಂಗೈಯಲ್ಲಿ ಹಿಡಿಸುವಷ್ಟು ಇರುತ್ತದೆ. ಕಿವಿಯನ್ನು ಬೆನ್ನಿಗೆ ಅಂಟಿಸಿಕೊಂಡು, ಕಣ್ಣು ಪಿಳಿಪಿಳಿ ಬಿಡುತ್ತಾ, ಹೆಂಟೆಗಳ ನಡುವೆ ಅಲ್ಲಾಡದೆ ಕೂತಿರುತ್ತದೆ. ಹತ್ತಿರ ಹೋದರೂ ಓಡುವುದಿಲ್ಲ. ತಾಯಿ ಎಲ್ಲೂ ಕಾಣುವುದಿಲ್ಲ. ಪಾಪ, ತಬ್ಬಲಿ ಅಂತ ಯಾರೋ ಒಬ್ಬರು ಸೆರಗಿನಲ್ಲೋ ಬುತ್ತಿ ಚೀಲದಲ್ಲೋ ಇಟ್ಟುಕೊಂಡು ಮನೆಗೆ ತರುತ್ತಾರೆ. ರಾತ್ರಿ ಮಕ್ಕಳೆಲ್ಲ ಸುತ್ತ ಕೂತು ಎಮ್ಮೆ ಹಾಲು ಕುಡಿಸುತ್ತಾರೆ. ಎರಡು ಮೂರು ದಿನಕ್ಕೆ ಮರಿ ಸತ್ತುಹೋಗುತ್ತದೆ, ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಯಾರೂ ಬೇಕಂತ ಮಾಡುವುದಲ್ಲ ಇದು. ಪ್ರೀತಿಯಿಂದಲೇ ಮಾಡುತ್ತಾರೆ. ಅದಕ್ಕೇ ಜಾಸ್ತಿ ಬೇಜಾರಾಗುತ್ತದೆ. ಮರಿಗೆ ಹಾಲು ಕುಡಿಸುವುದು ಹೇಗೆ ಅಂತ ಮುಂದೆ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಆ ಮರಿ ನಿಜವಾಗಲೂ ತಬ್ಬಲಿಯೇ ಅಂತ ನೋಡಬೇಕು, ಯಾಕಂದ್ರೆ ಹೆಚ್ಚಿನ ಸಲ ಅದು ತಬ್ಬಲಿ ಆಗಿರುವುದೇ ಇಲ್ಲ.

ಹುಬ್ಬಳ್ಳಿಯ ಅಂಗಡಿಗಳಲ್ಲಿ ಪಂಜರದಲ್ಲಿಟ್ಟು ಮಾರುವ ಬಿಳಿ ಮೊಲ ಬೇರೆ, ನಮ್ಮ ಎರೆಹೊಲದ ಮೊಲ ಬೇರೆ. ಸಾಕುಮೊಲ ಯುರೋಪಿನ ಬಿಲಮೊಲದ ವಂಶದ್ದು. ಅದರ ಮರಿ ಹುಟ್ಟುವಾಗ ಮೈಮೇಲೆ ಕೂದಲಿರುವುದಿಲ್ಲ, ಕಣ್ಣು ಮುಚ್ಚಿರುತ್ತದೆ, ಕಣ್ಣು ಬಿಡಲು ಸುಮಾರು ಹತ್ತು ದಿನ ಬೇಕು. ಹೊಲದ್ದು ಬಯಲುಮೊಲ. ಕತ್ತಿನ ಹಿಂದೆ ಕಪ್ಪು ಪಟ್ಟೆ ಇರುವ ಜಾತಿ, ಬಾಲದ ಮೇಲ್ಭಾಗವೂ ಕಪ್ಪು. ಇದು ಬಿಲ ತೋಡುವುದಿಲ್ಲ. ಹುಲ್ಲಿನ ಮರೆಯಲ್ಲೋ ಬದುವಿನ ಪಕ್ಕದಲ್ಲೋ ಮೈ ಹಿಡಿಸುವಷ್ಟು ತಗ್ಗು ಮಾಡಿಕೊಂಡು ಕೂರುತ್ತದೆ, ಅಷ್ಟೇ ಅದರ ಮನೆ. ಮರಿಗಳು ಹುಟ್ಟುವಾಗಲೇ ಮೈತುಂಬ ಕೂದಲು ಇರುತ್ತದೆ, ಕಣ್ಣು ತೆರೆದಿರುತ್ತದೆ, ಸ್ವಲ್ಪ ಹೊತ್ತಿಗೇ ಕುಪ್ಪಳಿಸುತ್ತವೆ. ಒಂದು ಸಲಕ್ಕೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ಮರಿ. ವರ್ಷದ ಯಾವ ಕಾಲದಲ್ಲೂ ಹಾಕಬಹುದು, ಮಳೆಗಾಲದಲ್ಲಿ ಜಾಸ್ತಿ.

ಬಿಲ ಇಲ್ಲದ ಪ್ರಾಣಿ ಮರಿಗಳನ್ನು ಉಳಿಸಿಕೊಳ್ಳುವುದು ಹೇಗೆ? ಕಪ್ಪತಗುಡ್ಡದ ಸುತ್ತ ತೋಳ ಇದೆ, ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಕಡೆಯೂ ಇದೆ. ನರಿ, ಕಾಡುಬೆಕ್ಕು, ಗೂಬೆ, ಹದ್ದು ಎಲ್ಲ ಕಡೆ ಇವೆ. ಊರ ನಾಯಿಗಳಂತೂ ಕೇಳುವುದೇ ಬೇಡ. ತಾಯಿ ಮೊಲ ಮರಿಗಳ ಪಕ್ಕದಲ್ಲೇ ಕೂತರೆ ಅದರ ವಾಸನೆ ಹಿಡಿದು ಇವೆಲ್ಲ ಅಲ್ಲಿಗೇ ಬರುತ್ತವೆ. ಹಾಗಾಗಿ ಅದು ದೂರವೇ ಇರುತ್ತದೆ. ಮರಿಗಳೂ ಹುಟ್ಟಿದ ಎರಡು ಮೂರು ದಿನಕ್ಕೆ ಒಂದೊಂದು ಒಂದೊಂದು ಕಡೆ ಹೋಗಿ ಅಡಗುತ್ತವೆ, ಒಂದು ಸಿಕ್ಕಿಬಿದ್ದರೂ ಉಳಿದವು ಬದುಕಲಿ ಅಂತ. ದಿನವಿಡೀ ಹಾಗೇ ಅಲ್ಲಾಡದೆ ಕೂರುತ್ತವೆ. ಹೊತ್ತು ಮುಳುಗಿದ ಮೇಲೆ ಹುಟ್ಟಿದ ಜಾಗದ ಹತ್ತಿರ ಬಂದು ಸೇರುತ್ತವೆ, ತಾಯಿ ಬರುತ್ತದೆ, ಕೆಲವೇ ನಿಮಿಷ ಹಾಲು ಕುಡಿಸಿ ಹೊರಟುಹೋಗುತ್ತದೆ. ದಿನಕ್ಕೆ ಸಾಮಾನ್ಯವಾಗಿ ಒಂದೇ ಸಲ. ಬಯಲುಮೊಲಗಳ ಬಾಣಂತನ ಅಂದರೆ ಇಷ್ಟೇ.

ಅಂದರೆ ಮಧ್ಯಾಹ್ನ ಎರಡು ಗಂಟೆಗೆ ಹೊಲದಲ್ಲಿ ಒಂಟಿಯಾಗಿ ಸಿಕ್ಕ ಮರಿ ಇರಬೇಕಾದ ಹಾಗೇ ಇದೆ. ಅದನ್ನು ಯಾರೂ ಬಿಟ್ಟುಹೋಗಿಲ್ಲ. ನಾವು ಎತ್ತಿಕೊಂಡು ಬಂದರೆ ಮಾತ್ರ ಸಂಜೆ ತಾಯಿ ಬಂದು ಹುಡುಕಿ ವಾಪಸ್ ಹೋಗುತ್ತದೆ.

ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಅನ್ನುವ ಮಾತು ಎಲ್ಲ ಊರಲ್ಲೂ ಇದೆ. ಅದು ನಿಜವಲ್ಲ. ಸುಮ್ನೆ ಮುಟ್ಟಿದ್ದಕ್ಕೆ ತಾಯಿ ಮರಿ ಬಿಡುವುದಿಲ್ಲ. ಹಾಗಾಗಿ ಯಾರಾದರೂ ಬೆಳಗ್ಗೆ ಎತ್ತಿಕೊಂಡು ಬಂದಿದ್ದರೆ ಅದೇ ದಿನ ಹೊತ್ತು ಮುಳುಗುವ ಮೊದಲು ಅದೇ ಜಾಗಕ್ಕೆ ವಾಪಸ್ ಇಟ್ಟು ಬರುವುದೇ ಆ ಮರಿಗೆ ಮಾಡುವ ದೊಡ್ಡ ಉಪಕಾರ. ಹೊಲದಲ್ಲಿ ಯಂತ್ರ ಓಡುತ್ತಿದ್ದರೆ, ಇಲ್ಲಾ ಅಲ್ಲಿ ಬೆಳೆ ಪೂರ್ತಿ ಕೊಯ್ದಾಗಿದ್ದರೆ, ಹತ್ತಿರದ ಬದುವಿನ ಹುಲ್ಲಿನಲ್ಲಿ ನೆರಳಿರುವ ಕಡೆ ಇಡಿ. ಹತ್ತಿರ ಅಂದರೆ ಕೆಲವೇ ಹೆಜ್ಜೆ, ಪಕ್ಕದ ಹೊಲ ಅಲ್ಲ. ಎತ್ತುವ ಮೊದಲು ಕೈಗೆ ಅಲ್ಲಿನ ಹುಲ್ಲು ಉಜ್ಜಿಕೊಳ್ಳಿ. ಇದು ತಾಯಿಗಾಗಿ ಅಲ್ಲ, ನಾಯಿ ನರಿಗಳು ನಮ್ಮ ವಾಸನೆ ಹಿಂಬಾಲಿಸಬಾರದು ಅಂತ. ನಾಯಿಯನ್ನು ಆ ರಾತ್ರಿ ಕಟ್ಟಿಹಾಕಿ. ತಾಯಿ ಬರುತ್ತದಾ ಅಂತ ನೋಡುತ್ತಾ ಅಲ್ಲೇ ನಿಲ್ಲಬೇಡಿ. ನೀವು ನಿಂತಿದ್ದರೆ ಅದು ಬರುವುದಿಲ್ಲ.

ನೆಟ್‌ನಲ್ಲಿ ಹುಡುಕಿದರೆ ಮರಿಗಳ ಗೂಡಿನ ಮೇಲೆ ದಾರ ಅಡ್ಡಡ್ಡ ಇಟ್ಟು, ಬೆಳಗ್ಗೆ ದಾರ ಸರಿದಿದ್ದರೆ ತಾಯಿ ಬಂದಿತ್ತು ಅಂತ ತಿಳಿಯಿರಿ ಎನ್ನುವ ಉಪಾಯ ಸಿಗುತ್ತದೆ. ಅದು ಅಮೆರಿಕದ ಕಾಟನ್‌ಟೇಲ್ ಮೊಲಗಳದ್ದು. ಅವು ಹುಲ್ಲು, ಕೂದಲು ಹಾಸಿ ಗೂಡು ಮಾಡುತ್ತವೆ. ನಮ್ಮ ಮೊಲಕ್ಕೆ ಗೂಡೇ ಇಲ್ಲ, ದಾರ ಎಲ್ಲಿ ಇಡುವುದು? ಅಲ್ಲಿನ ಲೇಖನಗಳನ್ನು ಓದುವಾಗ ಈ ವ್ಯತ್ಯಾಸ ನೆನಪಿರಲಿ. ಕಣ್ಣು ಬಿಟ್ಟು ಮೈತುಂಬ ಕೂದಲಿರುವ ಮರಿ ಅಂದರೆ ಎರಡು ವಾರದ್ದು ಅಂತ ಅವರು ಬರೆದಿರುತ್ತಾರೆ. ನಮ್ಮ ಹೊಲದಲ್ಲಿ ಅದು ನಿನ್ನೆ ಹುಟ್ಟಿದ್ದೂ ಆಗಿರಬಹುದು.

ಹಾಗಾದರೆ ಯಾವಾಗ ಎತ್ತಿಕೊಳ್ಳಬೇಕು? ತಾಯಿ ಸತ್ತಿದ್ದನ್ನು ಕಣ್ಣಾರೆ ಕಂಡಾಗ. ಹುಬ್ಬಳ್ಳಿ–ಗದಗ ರಸ್ತೆಯಲ್ಲಿ, ಹಾವೇರಿ ಕಡೆಯ ಹೆದ್ದಾರಿಯಲ್ಲಿ ರಾತ್ರಿ ಹೆಡ್‌ಲೈಟ್ ಬೆಳಕಿಗೆ ಕಣ್ಣು ಕುಕ್ಕಿ ನಿಂತ ಮೊಲ ಗಾಡಿಗೆ ಸಿಗುವುದುಂಟು. ನಾಯಿ ಬೆಕ್ಕು ಬಾಯಿ ಹಾಕಿದ್ದರೆ, ಕುಡಗೋಲು ತಾಗಿ ಗಾಯವಾಗಿದ್ದರೆ, ಮೈಮೇಲೆ ನೊಣದ ಮೊಟ್ಟೆ ಅಥವಾ ಇರುವೆ ಮುತ್ತಿದ್ದರೆ, ಮೈ ತಣ್ಣಗಾಗಿ ಜೋತುಬಿದ್ದಿದ್ದರೆ ಎತ್ತಿಕೊಳ್ಳಿ. ಕತ್ತಿನ ಹಿಂದಿನ ಚರ್ಮವನ್ನು ಮೆಲ್ಲಗೆ ಎಳೆದು ಬಿಟ್ಟಾಗ ಅದು ತಕ್ಷಣ ವಾಪಸ್ ಕೂರದೆ ಮಡಿಕೆಯಾಗಿಯೇ ನಿಂತರೆ ಮೈಯಲ್ಲಿ ನೀರಿಲ್ಲ ಅಂತ ಅರ್ಥ. ಹಿಂದಿನ ರಾತ್ರಿ ಹಾಲು ಸಿಕ್ಕಿಲ್ಲ. ಬೆಕ್ಕು ಕಚ್ಚಿದ ಮರಿಗೆ ಹೊರಗೆ ಗಾಯ ಕಾಣದಿದ್ದರೂ ಡಾಕ್ಟರ್ ಬೇಕೇ ಬೇಕು. ಬೆಕ್ಕಿನ ಬಾಯಿಯ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ರಕ್ತಕ್ಕೆ ಸೇರಿ ಮರಿಯನ್ನು ಕೊಲ್ಲುತ್ತದೆ.

ಎತ್ತಿಕೊಂಡ ಕೂಡಲೇ ಮಾಡಬೇಕಾದದ್ದು ಒಂದು ಫೋನ್. ಮೊಲ ವನ್ಯಜೀವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನು ಹಿಡಿಯುವುದು, ಸಾಕುವುದು ಅಪರಾಧ. ಯಾವುದೋ ಕಾರಣಕ್ಕೆ ಕಾಡುಪ್ರಾಣಿ ನಮ್ಮ ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು. ಅರಣ್ಯ ಇಲಾಖೆಯ ಸಹಾಯವಾಣಿ 1926. ಕೇಸ್ ಆಗುತ್ತೆ ಅಂತ ಹೆದರಿ ಮುಚ್ಚಿಡುವವರೇ ಜಾಸ್ತಿ. ತಿಳಿಸುವುದರಿಂದಲೇ ನೀವು ಕಾನೂನಿನ ಪ್ರಕಾರ ಸರಿಯಾಗಿರುತ್ತೀರಿ. ಪಶುವೈದ್ಯರ ಸಲಹೆಗೆ ತಾಲ್ಲೂಕು ಆಸ್ಪತ್ರೆ ಇದೆ, ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ. ಮುಂದೆ ಹೇಳುವುದೆಲ್ಲ ಮರಿ ಅವರ ಕೈ ಸೇರುವವರೆಗೆ, ಇಲ್ಲಾ ಅವರೇ ನೀವು ನೋಡಿಕೊಳ್ಳಿ ಅಂದಾಗ ಮಾಡುವುದು.

ಮೊದಲು ಬೆಚ್ಚಗೆ ಮಾಡಬೇಕು, ಆಮೇಲೆ ನೀರು, ಕೊನೆಗೆ ಹಾಲು. ಈ ಕ್ರಮ ತಪ್ಪಲೇಬಾರದು. ಮೈ ತಣ್ಣಗಿರುವ ಮರಿಯ ಹೊಟ್ಟೆ ಕೆಲಸ ಮಾಡುವುದಿಲ್ಲ. ಕುಡಿಸಿದ ಹಾಲು ಜೀರ್ಣವಾಗದೆ ಅಲ್ಲೇ ಕೊಳೆಯುತ್ತದೆ. ರಟ್ಟಿನ ಪೆಟ್ಟಿಗೆಗೆ ಮೆತ್ತನೆ ಹತ್ತಿ ಬಟ್ಟೆ ಹಾಸಿ, ನೂಲಿನ ಕುಣಿಕೆಗೆ ಉಗುರು ಸಿಕ್ಕಿಕೊಳ್ಳುವ ಟವೆಲ್ ಬೇಡ. ಬಿಸಿನೀರು ತುಂಬಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಂದೇ ಬದಿಗೆ ಇಡಿ. ಸೆಕೆಯಾದರೆ ಮರಿ ಇನ್ನೊಂದು ಬದಿಗೆ ಸರಿಯಲು ಜಾಗ ಬೇಕು. ನಮ್ಮ ಏಪ್ರಿಲ್–ಮೇ ಬಿಸಿಲಿನಲ್ಲಿ ಬಾಟಲಿಯೂ ಬೇಡ. ಆಗ ತಗಡಿನ ಮನೆಯೊಳಗೆ ಇಟ್ಟ ಮರಿ ಸೆಕೆಗೇ ಸಾಯುತ್ತದೆ. ಪೆಟ್ಟಿಗೆ ಮುಚ್ಚಿ, ಗಾಳಿಗೆ ತೂತು ಮಾಡಿ, ಕತ್ತಲೆ ಇರುವ ಕೋಣೆಯಲ್ಲಿ ಇಡಿ. ಟಿವಿ ಸದ್ದು, ನಾಯಿ ಬೊಗಳುವುದು, ಮಕ್ಕಳು ಸರದಿಯಲ್ಲಿ ಬಂದು ಮುಟ್ಟುವುದು ಯಾವುದೂ ಆಗಬಾರದು. ಸುಮ್ಮನೆ ಕೂತಿದೆ, ನಮಗೆ ಹೊಂದಿಕೊಂಡಿದೆ ಅಂತ ನಮಗೆ ಅನ್ನಿಸುತ್ತದೆ. ಅದು ಹೆದರಿಕೆಗೆ ಮರಗಟ್ಟಿರುತ್ತದೆ. ಬರೀ ಹೆದರಿಕೆಯಿಂದಲೇ ಬಯಲುಮೊಲ ಸಾಯುವುದುಂಟು.

ಕಿವಿ, ಹೊಟ್ಟೆ ಬೆಚ್ಚಗಾದ ಮೇಲೆ ಮೊದಲ ಸಲ ಹಾಲು ಕೊಡಬೇಡಿ. ಓಆರ್‌ಎಸ್ ಪುಡಿಯನ್ನು ಪೊಟ್ಟಣದಲ್ಲಿ ಬರೆದಷ್ಟೇ ನೀರಿಗೆ ಕಲಸಿ, ಉಗುರುಬೆಚ್ಚಗೆ ಮಾಡಿ, ಒಂದೆರಡು ಎಂಎಲ್ ಕೊಡಿ. ಕಿತ್ತಳೆ ರುಚಿಯದ್ದು, ಗ್ಲೂಕೋಸ್ ಪುಡಿ, ಎಳನೀರು ಬೇಡ.

ಇನ್ನು ಹಾಲು. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಸುವಿನ ಹಾಲು 100 ಗ್ರಾಂ ತೆಗೆದುಕೊಂಡರೆ ಅದರಲ್ಲಿ ಕೊಬ್ಬು ಸುಮಾರು 4 ಗ್ರಾಂ, ಪ್ರೋಟೀನ್ 3 ಗ್ರಾಂ ಚಿಲ್ಲರೆ, ಹಾಲಿನ ಸಕ್ಕರೆ ಅಂದರೆ ಲ್ಯಾಕ್ಟೋಸ್ 5 ಗ್ರಾಂ ಹತ್ತಿರ ಇರುತ್ತದೆ. ಸಾಕುಮೊಲದ ಹಾಲಿನಲ್ಲಿ ಕೊಬ್ಬು, ಪ್ರೋಟೀನ್ ಎರಡೂ ಸುಮಾರು 12 ಗ್ರಾಂ, ಲ್ಯಾಕ್ಟೋಸ್ 2 ಗ್ರಾಂಗಿಂತ ಕಡಿಮೆ. ದಿನಕ್ಕೆ ಒಂದೇ ಸಲ ಕೆಲವು ನಿಮಿಷ ಕುಡಿದು ಇಡೀ ದಿನ ಬದುಕಬೇಕಲ್ವಾ, ಅದಕ್ಕೇ ಅದು ಅಷ್ಟು ಗಟ್ಟಿ. ಬಯಲುಮೊಲದ ಹಾಲೂ ಅಂಥದ್ದೇ. ಹಸುವಿನ ಹಾಲು ಕುಡಿದ ಮರಿಗೆ ಬೇಕಾದಷ್ಟು ಶಕ್ತಿ ಸಿಗುವುದಿಲ್ಲ, ಬೇಡದ ಸಕ್ಕರೆ ಮಾತ್ರ ಸಿಗುತ್ತದೆ. ಆ ಸಕ್ಕರೆ ಕರುಳಿನಲ್ಲಿ ಹುಳಿಯುತ್ತದೆ, ಗ್ಯಾಸ್ ತುಂಬುತ್ತದೆ, ಭೇದಿಯಾಗುತ್ತದೆ. ಅಂಗೈಯಷ್ಟು ಮೈಗೆ ಒಂದು ದಿನದ ಭೇದಿ ಸಾಕು. ಎಮ್ಮೆ ಹಾಲು ದಪ್ಪ, ಹಾಗಾಗಿ ಅದು ಸರಿಹೋಗುತ್ತದೆ ಅನ್ನುವವರಿದ್ದಾರೆ. ಅದರಲ್ಲಿ ಕೊಬ್ಬು 7 ಗ್ರಾಂ ಹತ್ತಿರ ಇದ್ದರೂ ಲ್ಯಾಕ್ಟೋಸ್ ಹಸುವಿನ ಹಾಲಿನಷ್ಟೇ ಇದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ತಾಯಿಯ ಹಾಲು ಮೊಲದ ಮರಿಯ ಹೊಟ್ಟೆ ಸೇರಿದಾಗ ಅದರಲ್ಲಿನ ಕೊಬ್ಬಿನಿಂದ ಕೆಲವು ಆಮ್ಲಗಳು ಬಿಡುಗಡೆಯಾಗುತ್ತವೆ, ಅವು ಬ್ಯಾಕ್ಟೀರಿಯಾ ಬೆಳೆಯದ ಹಾಗೆ ತಡೆಯುತ್ತವೆ. ಬೇರೆ ಹಾಲು ಕುಡಿದ ಮರಿಗೆ ಆ ಕಾವಲು ಇರುವುದಿಲ್ಲ. ನಾವು ಸಿರಿಂಜ್ ತೊಳೆಯದಿದ್ದರೆ, ಬೆಳಗ್ಗೆ ಕಲಸಿದ ಹಾಲನ್ನೇ ಸಂಜೆ ಬಿಸಿ ಮಾಡಿ ಕೊಟ್ಟರೆ ಅದರ ಪರಿಣಾಮ ನೇರವಾಗಿ ಕರುಳಿನ ಮೇಲೆ. ಪ್ರತಿ ಸಲ ಕೈ ಸೋಪಿನಿಂದ ತೊಳೆಯಿರಿ, ಸಿರಿಂಜ್ ಕುದಿಸಿ, ಉಳಿದ ಹಾಲು ಚೆಲ್ಲಿ.

ಇದ್ದುದರಲ್ಲಿ ಹತ್ತಿರದ್ದು ಅಂದರೆ ಬೆಕ್ಕಿನ ಮರಿಗಳಿಗೆ ಕೊಡುವ ಹಾಲಿನ ಪುಡಿ. ಸಾಕುಪ್ರಾಣಿಗಳ ಔಷಧಿ ಅಂಗಡಿಯಲ್ಲಿ ಕೇಳಿ. ಅದು ಬರುವವರೆಗೆ ಒಂದೆರಡು ದಿನಕ್ಕೆ ಕಾಯಿಸಿ ಆರಿಸಿದ ಆಡಿನ ಹಾಲು ನಡೆಯುತ್ತದೆ. ಅದನ್ನೇ ಪೂರ್ತಿ ನೆಚ್ಚಿಕೊಳ್ಳುವುದು ಬೇಡ, ಅದರಲ್ಲೂ ಲ್ಯಾಕ್ಟೋಸ್ ಕಡಿಮೆಯೇನಿಲ್ಲ. ಮಕ್ಕಳಿಗೆ ಕೊಡುವ ಡಬ್ಬಿ ಹಾಲಿನ ಪುಡಿ, ಸಕ್ಕರೆ, ಬೆಲ್ಲ, ಜೇನು ಯಾವುದೂ ಬೇಡ. ಬೆಕ್ಕಿನ ಮರಿಯ ಹಾಲಿನ ಪುಡಿಯನ್ನೂ ಮೊದಲ ದಿನವೇ ಗಟ್ಟಿಯಾಗಿ ಕೊಡಬೇಡಿ. ಮೊದಲು ಓಆರ್‌ಎಸ್ ಜಾಸ್ತಿ ಹಾಲು ಕಡಿಮೆ, ಆಮೇಲೆ ಅರ್ಧಕ್ಕರ್ಧ, ಆಮೇಲೆ ಪೂರ್ತಿ ಹಾಲು. ಹೀಗೆ ಒಂದೆರಡು ದಿನದಲ್ಲಿ ಹೊಂದಿಸಿ.

ಕುಡಿಸುವ ಕ್ರಮ ನೋಡಿ. ಸೂಜಿ ತೆಗೆದ 1 ಎಂಎಲ್ ಸಿರಿಂಜ್ ಬೇಕು. ಹಾಲು ಮಣಿಕಟ್ಟಿನ ಮೇಲೆ ಹಾಕಿಕೊಂಡರೆ ಬೆಚ್ಚಗೆ ಅನ್ನಿಸಬೇಕು, ಸುಡಬಾರದು. ಮೇಜಿನ ಮೇಲೆ ಬಟ್ಟೆ ಹಾಸಿ ಮರಿಯನ್ನು ಅದು ಹೊಲದಲ್ಲಿ ಕೂರುವ ಹಾಗೇ ನಾಲ್ಕು ಕಾಲ ಮೇಲೆ ಕೂರಿಸಿ, ಮೈಗೆ ಬಟ್ಟೆ ಸುತ್ತಿ ತಲೆ ಮಾತ್ರ ಹೊರಗೆ ಬಿಡಿ. ಕೂಸಿನ ಹಾಗೆ ಮಲಗಿಸಿ ಕುಡಿಸಲೇಬಾರದು. ಸಿರಿಂಜಿನ ತುದಿಯನ್ನು ಬಾಯಿಯ ಪಕ್ಕಕ್ಕೆ ತಂದು ಒಂದು ಹನಿ ತುಟಿಗೆ ತಾಗಿಸಿ ನಿಲ್ಲಿ. ಮೂಗು ಅಲ್ಲಾಡಿಸುತ್ತದೆ, ಮುಖ ತಿರುಗಿಸುತ್ತದೆ, ಆಮೇಲೆ ನಾಲಗೆ ಹೊರಗೆ ಬಂದು ಆ ಹನಿಯನ್ನು ನೆಕ್ಕುತ್ತದೆ. ನುಂಗಿದ್ದನ್ನು ಗಂಟಲಲ್ಲಿ ನೋಡಿದ ಮೇಲೆಯೇ ಮುಂದಿನ ಹನಿ. ಮೊದಲ ದಿನ ಒಂದು ಎಂಎಲ್ ಕುಡಿಸಲು ಹತ್ತು ನಿಮಿಷ ಹಿಡಿದರೂ ಹಿಡಿಯಲಿ. ಅವಸರ ಮಾಡಿ ಒತ್ತಿದರೆ ಹಾಲು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಕೈಯಲ್ಲಿ ಸಾಕಿದ ಮರಿಗಳು ಸಾಯುವ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಮೂಗಿನಲ್ಲಿ ಹಾಲು ಬಂದರೆ ತಕ್ಷಣ ನಿಲ್ಲಿಸಿ, ತಲೆ ಕೆಳಗೆ ಬಗ್ಗಿಸಿ ಒರೆಸಿ.

ಎಷ್ಟು ಅಂತ ಕೇಳಿದರೆ, ತೂಕ ನೋಡಿ ಅನ್ನುತ್ತೇನೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. 100 ಗ್ರಾಂ ತೂಗುವ ಮರಿಗೆ ಒಂದು ಸಲಕ್ಕೆ 5 ಎಂಎಲ್‌ನಿಂದ ಶುರು ಮಾಡಿ, 10 ಎಂಎಲ್ ದಾಟಬೇಡಿ. ದಿನಕ್ಕೆ ಎರಡು ಸಲ, ನಸುಕಿನಲ್ಲಿ ಒಂದು, ಹೊತ್ತು ಮುಳುಗಿದ ಮೇಲೆ ಒಂದು. ತುಂಬಾ ಸೊರಗಿದ್ದರೆ ಮೂರು ಸಲ, ಸ್ವಲ್ಪ ಸ್ವಲ್ಪ. ಬೆಕ್ಕಿನ ಮರಿಗಳಿಗೆ ಕೊಡುವ ಹಾಗೆ ಎರಡೆರಡು ಗಂಟೆಗೆ ಕೊಡುವುದು ಮೊಲಕ್ಕೆ ಹಿಂಸೆ. ಹಸಿದಿದೆ ಅಂತ ನಮಗೆ ಅನ್ನಿಸಿದಾಗಲೆಲ್ಲ ಕುಡಿಸುವುದರಿಂದಲೇ ಎಷ್ಟೋ ಮರಿಗಳು ಹೋಗುತ್ತವೆ. ಹೊಟ್ಟೆ ದುಂಡಗಾಗಬೇಕು, ಡೊಳ್ಳಿನ ಹಾಗೆ ಬಿಗಿಯಬಾರದು. ಬಿಗಿದಿದ್ದರೆ, ಇಲ್ಲಾ ಹಿಕ್ಕೆ ನೀರಾಗಿದ್ದರೆ ಹಾಲು ನಿಲ್ಲಿಸಿ ಓಆರ್‌ಎಸ್ ಮಾತ್ರ ಕೊಟ್ಟು ಡಾಕ್ಟರಿಗೆ ತೋರಿಸಿ. ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಎರಡು ದಿನ ತೂಕ ಏರದಿದ್ದರೆ ಏನೋ ತಪ್ಪುತ್ತಿದೆ.

ಪ್ರತಿ ಸಲ ಹಾಲಾದ ಮೇಲೆ ಹತ್ತಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ, ಬಾಲದ ಕೆಳಗೆ ಮೆಲ್ಲಗೆ ಸವರಿ. ತಾಯಿ ನೆಕ್ಕಿ ಮರಿಗೆ ಉಚ್ಚೆ ಮಾಡಿಸುತ್ತದೆ, ಎಳೆಯ ಮರಿಗೆ ಆ ಸ್ಪರ್ಶ ಬೇಕು. ತಾನೇ ಮಾಡಲು ಶುರು ಮಾಡಿದ ಮೇಲೆ ಬಿಡಬಹುದು.

ಔಷಧಿ ವಿಷಯದಲ್ಲಿ ಕೈ ಮುಗಿದು ಕೇಳಿಕೊಳ್ಳುತ್ತೇನೆ. ಮನೆಯಲ್ಲಿ ಮಕ್ಕಳಿಗೆ ತಂದ ಅಮಾಕ್ಸಿಸಿಲಿನ್ ಸಿರಪ್ ಉಳಿದಿದೆ ಅಂತ ಮೊಲಕ್ಕೆ ಎರಡು ಹನಿ ಕೊಡಬೇಡಿ. ಪೆನಿಸಿಲಿನ್ ಜಾತಿಯ ಔಷಧಿ ಮೊಲದ ಬಾಯಿಗೆ ಹಾಕಿದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ವಿಷ ಬಿಡುವ ಕೆಟ್ಟವು ತುಂಬಿಕೊಳ್ಳುತ್ತವೆ. ಅದರಿಂದಲೇ ಮೊಲ ಸಾಯುತ್ತದೆ. ರಕ್ತ ಹೀರುವ ಉಣ್ಣಿಗೆ ಅಂತ ನಾಯಿಗೆ ಹಾಕುವ ಫಿಪ್ರೊನಿಲ್ ಹನಿಯೂ ಮೊಲಕ್ಕೆ ವಿಷ. ಉಣ್ಣಿಯನ್ನು ಚಿಮಟದಿಂದ ಕೀಳಿ, ಆಮೇಲೆ ಕೈ ತೊಳೆದುಕೊಳ್ಳಿ.

ಒಂದು ವಾರ ಆಗುವಷ್ಟರಲ್ಲೇ ಮರಿ ಹುಲ್ಲು ಕಡಿಯಲು ನೋಡುತ್ತದೆ. ಮೊದಲ ದಿನದಿಂದಲೇ ಪೆಟ್ಟಿಗೆಯಲ್ಲಿ ಒಂದು ಹಿಡಿ ಗರಿಕೆ, ಸ್ವಲ್ಪ ಒಣ ಹುಲ್ಲು ಇಡಿ. ಕುದುರೆ ಮಸಾಲೆ ಸೊಪ್ಪು ಸಿಕ್ಕರೆ ಅದೂ ಆಗುತ್ತದೆ. ಗರಿಕೆ ಎಲ್ಲಿಂದ ತರುತ್ತೀರಿ ಅನ್ನುವುದು ಮುಖ್ಯ. ಹತ್ತಿ, ಮೆಣಸಿನಕಾಯಿ, ಕಡಲೆ ಹೊಲದ ಬದುವಿನ ಹುಲ್ಲಿಗೆ ಎಣ್ಣೆ (ಕೀಟನಾಶಕ) ಹೊಡೆದ ಗಾಳಿ ಬಿದ್ದಿರುತ್ತದೆ, ಅದು ಬೇಡ. ಗಜ್ಜರಿ, ಕೋಸು, ಬಿಸ್ಕತ್ತು, ರೊಟ್ಟಿ ಚೂರು ಮರಿಯ ಕರುಳಿಗೆ ಆಗುವುದಿಲ್ಲ. ಹುಲ್ಲು ತಿನ್ನುವುದು ಹೆಚ್ಚಾದ ಹಾಗೆ ಹಾಲು ಕಡಿಮೆ ಮಾಡುತ್ತಾ ಬನ್ನಿ. ನಾಲ್ಕನೇ ವಾರದ ಹೊತ್ತಿಗೆ ಸಾಮಾನ್ಯವಾಗಿ ಹಾಲು ಬೇಕಾಗುವುದಿಲ್ಲ.

ಈ ಹೊತ್ತಿಗೆ ಮರಿ ನಿಮ್ಮನ್ನು ಕಂಡರೆ ಪೆಟ್ಟಿಗೆಯ ಮೂಲೆಗೆ ಹಾರುತ್ತಿದ್ದರೆ ಖುಷಿಪಡಿ, ಅದು ಹಾಗೇ ಇರಬೇಕು. ಹೆಸರಿಡುವುದು, ಮಡಿಲಲ್ಲಿ ಕೂರಿಸಿಕೊಂಡು ವಿಡಿಯೊ ಮಾಡುವುದು ಬೇಡ. ಕೈಯಲ್ಲಿ ಗಟ್ಟಿಯಾಗಿ ಹಿಡಿದಾಗ ಹಿಂಗಾಲು ಝಾಡಿಸಿ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳುವಷ್ಟು ಶಕ್ತಿ ಅದಕ್ಕಿದೆ. ಹಿಡಿಯಲೇಬೇಕಾದರೆ ಹಿಂಗಾಲಿಗೆ ಕೆಳಗಿನಿಂದ ಕೈ ಕೊಡಿ. ಕಿವಿ ಹಿಡಿದು ಎತ್ತುವುದಂತೂ ಬೇಡವೇ ಬೇಡ.

ಬಿಡುವ ಜಾಗ ಅರಣ್ಯ ಇಲಾಖೆಯವರನ್ನು ಕೇಳಿಯೇ ಗೊತ್ತು ಮಾಡಿ. ಮರಿ ಸಿಕ್ಕ ಜಾಗದ ಹತ್ತಿರವೇ ಆದರೆ ಒಳ್ಳೆಯದು, ಮರೆಗೆ ಹುಲ್ಲು ಪೊದೆ ಇರಬೇಕು, ನಾಯಿಗಳು ಕಡಿಮೆ ಇರಬೇಕು, ಹೊಲದಲ್ಲಿ ಆಗಷ್ಟೇ ಎಣ್ಣೆ ಹೊಡೆದಿರಬಾರದು. ಸಂಜೆ ಬಿಡಿ, ಮಳೆ ಜೋರಾಗಿರುವ ದಿನ ಬೇಡ. ಮಧ್ಯದಲ್ಲೇ ಇಲಾಖೆಯವರಿಗೆ ಒಪ್ಪಿಸುವುದಾದರೆ ದಿನದ ತೂಕ, ಕೊಟ್ಟ ಹಾಲು ಯಾವುದು, ಎಷ್ಟು ಎಂಎಲ್, ಎಲ್ಲಿ ಯಾವತ್ತು ಸಿಕ್ಕಿತು ಎಲ್ಲ ಒಂದು ಚೀಟಿಯಲ್ಲಿ ಬರೆದು, ಬಳಸುತ್ತಿದ್ದ ಹಾಲಿನ ಪುಡಿಯ ಜೊತೆಗೇ ಕೊಡಿ. ಒಂದೇ ದಿನದಲ್ಲಿ ಹಾಲು ಬದಲಾದರೂ ಅದರ ಹೊಟ್ಟೆ ಕೆಡುತ್ತದೆ.